ಕುದುರೆಯಾಟವೂ ನಮ್ಮ ಬಾಲಿಕೆಯರೂ

ಈ ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ನಮ್ಮಿಂದ ಒಂದು ಲೇಖನವನ್ನು ಅಪೇಕ್ಷಿಸಿದಾಗ, ನಾವು ಪರೀಕ್ಷೆಯ ಫಲಿತಾಂಶಗಳ ಕುರಿತಾಗಲಿ ಹೊಸ ಕಟ್ಟಡದ ನಿಧಿಯ ಕುರಿತಾಗಲಿ ಬರೆಯುವೆವೆಂದು ಎಣಿಸಿದ್ದಿರಬೇಕು. ಆ ಎರಡು ವಿಷಯಗಳಿಗೂ ವಾರ್ಷಿಕ ವರದಿಯಲ್ಲಿ ಬೇಕಾದಷ್ಟು ಸ್ಥಳವು ದೊರೆತಿರುವುದರಿಂದ, ಇಲ್ಲಿ ನಾವು ಕುದುರೆಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಲು ಮನಸ್ಸುಮಾಡಿದ್ದೇವೆ. ಕುದುರೆಗಳೆಂದರೆ ಹುಲ್ಲು ಮೇಯುವ ಕುದುರೆಗಳಲ್ಲ. ಮೊಬೈಲಿನ ಗಾಜಿನೊಳಗೆ ಓಡುವ ಕುದುರೆಗಳು; ಕಪಾಟಿನ ಮೇಲೆ ಓಡದೆ ನಿಲ್ಲುವ ಕುದುರೆಗಳು. ಈ ವಿಷಯವು ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯ ಲೇಖನಿಗೆ ತಕ್ಕುದಲ್ಲವೆಂದು ಕೆಲವರಿಗೆ ತೋರಬಹುದು. ಎರಡು ವರ್ಷಗಳ ಹಿಂದೆ ನಮಗೂ ಹಾಗೆಯೇ ತೋರುತ್ತಿತ್ತು. ಆ ನಮ್ಮ ಅಭಿಪ್ರಾಯದಿಂದ ಒಬ್ಬ ಬಾಲಿಕೆಗೆ ಆದ ಅನ್ಯಾಯವೇ ಈ ಲೇಖನಕ್ಕೆ ಕಾರಣವಾಗಿದೆ.

ಕಳೆದ ಶಾಲಾ ದಿನೋತ್ಸವದಂದು ಗ್ರಂಥಾಲಯದ ಜಗಲಿಯಲ್ಲಿ ಒಂದು ಮೇಜಿನ ಮೇಲೆ ಒಂಬತ್ತು ಕಾಗದದ ಕುದುರೆಗಳು ಇಡಲ್ಪಟ್ಟಿದ್ದುದನ್ನು ತಮ್ಮಲ್ಲಿ ಅನೇಕರು ನೋಡಿರುವಿರಿ. ಮರುವಾರ ಕೂಡಿದ ಪಾಲಕರ ಸಭೆಯಲ್ಲಿ ಆ ಮೇಜಿನ ವಿಷಯವಾಗಿ ತಕ್ಕಮಟ್ಟಿಗೆ ಖಾರವಾದ ಚರ್ಚೆಯೇ ನಡೆಯಿತು. ಹತ್ತನೆಯ ತರಗತಿಯ ಹುಡುಗಿಯರಿಗೆ ಇಂಥ ಆಟಗಳಿಗೆ ಸಮಯವೆಲ್ಲಿ ಎಂದು ಒಬ್ಬರು ಕೇಳಿದರು. ಮಗಳು ಮೊಬೈಲಿನಲ್ಲಿ ಕುದುರೆಗೆ ಮೇವು ಹಾಕುತ್ತಾಳೆ, ಮನೆಯ ನಾಯಿಗೆ ಅನ್ನ ಹಾಕೆಂದರೆ ಏಳುವುದಿಲ್ಲವೆಂದು ಇನ್ನೊಬ್ಬ ತಾಯಿಯು ದೂರಿದರು. ಈ ದೂರು ನ್ಯಾಯವಾದುದೆಂದು ಆಗಲೇ ಒಪ್ಪಿಕೊಂಡೆವು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ವೃದ್ಧರು ಮಾತ್ರ ಎದ್ದುನಿಂತು, "ಅಮ್ಮಾ, ಮೊಮ್ಮಗಳು ಕುದುರೆ ಆಟ ಆಡುತ್ತಾಳೆ ಎಂದು ಕೇಳಿ ಎರಡು ದಿನ ನನಗೆ ಊಟ ಸೇರಲಿಲ್ಲ. ಮಿಷನ್ ಶಾಲೆಯೊಳಗೂ ರೇಸು ಬಂತೆ?" ಎಂದು ಕೇಳಿದರು. ಸಭೆಯವರು ನಕ್ಕರು. ಆದರೆ ಆ ಹಿರಿಯರ ಭಯವು ನಗತಕ್ಕದ್ದಲ್ಲ. ಕುದುರೆಯ ಬಾಲಕ್ಕೆ ಮನೆಮಠಗಳನ್ನು ಕಟ್ಟಿ ಕಳೆದುಕೊಂಡವರನ್ನು ಅವರು ಕಂಡಿರಬಹುದು. ಆದುದರಿಂದ ಮೊದಲು ಇದನ್ನು ಸ್ಪಷ್ಟಪಡಿಸುವೆವು. ನಾವು ಹೇಳುವ ಆಟದಲ್ಲಿ ಪಣವಿಲ್ಲ, ಜೂಜಿಲ್ಲ. ಹಣವನ್ನು ಪಣವಾಗಿ ಒಡ್ಡಿ ಆಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸಿ ೨೦೨೫ನೆಯ ಇಸವಿಯಲ್ಲಿ ನಮ್ಮ ಸಂಸತ್ತು ಮಾಡಿದ ಕಾನೂನು ಕೂಡ ಕೇವಲ ವಿನೋದದ ಆಟಗಳನ್ನು ಈ ಜೂಜಿನಿಂದ ಬೇರ್ಪಡಿಸಿಯೇ ನೋಡುತ್ತದೆ.

ಹಾಗಾದರೆ ಈ ಆಟವಾದರೂ ಏನು? ಇಂಗ್ಲಿಷರು ಹವ್ಯಾಸಕ್ಕೆ ಹಾಬಿ ಎನ್ನುತ್ತಾರಷ್ಟೆ. ಆ ಶಬ್ದವು ಮೊದಲು ಒಂದು ಜಾತಿಯ ಚಿಕ್ಕ ಕುದುರೆಯ ಹೆಸರಾಗಿತ್ತು; ಬಳಿಕ ಕೋಲಿಗೆ ತಲೆ ಸಿಕ್ಕಿಸಿ ಮಕ್ಕಳು ಏರುವ ಆಟದ ಕುದುರೆಗೆ ಬಂತು; ಅಲ್ಲಿಂದ, ಲಾಭವಿಲ್ಲದೆ ಬರಿಯ ಸಂತೋಷಕ್ಕಾಗಿ ಮನುಷ್ಯನು ಮಾಡುವ ಎಲ್ಲ ಕೆಲಸಕ್ಕೂ ಹರಡಿತು. ಅಂಚೆಚೀಟಿ ಸಂಗ್ರಹಿಸುವ ನಮ್ಮ ಗೌರವಾನ್ವಿತ ಪಾಲಕರು ತಾವೂ ಒಂದು ಕೋಲುಕುದುರೆಯನ್ನು ಏರಿದವರೇ ಎಂಬುದನ್ನು ಮರೆಯಬಾರದು. ನಮ್ಮ ದೇಶದಲ್ಲಿಯೂ ಮಕ್ಕಳ ಕೈಗೆ ಕುದುರೆ ಹೊಸತಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಕುದುರೆಯೊಂದು ನಮ್ಮ ಮೇಜಿನ ಮೇಲೆ ಬಹುಕಾಲದಿಂದ ನಿಂತಿದೆ. ಜಾತ್ರೆಯಲ್ಲಿ ಕೀಲುಕುದುರೆಯ ಕುಣಿತವನ್ನು ನೋಡದ ಮಕ್ಕಳು ಹಳ್ಳಿಗಳಲ್ಲಿ ಈಗಲೂ ವಿರಳ.

ಆದರೆ ನಾವು ಹೇಳಹೊರಟ ಮಾದರಿ ಕುದುರೆಗಳ ಸಂಗ್ರಹವು ಒಂದು ಪ್ರತ್ಯೇಕವಾದ ಕಲೆಯಾಗಿ ಬೆಳೆದದ್ದು ಅಮೆರಿಕಾ ದೇಶದಲ್ಲಿ. ಅದರ ಹುಟ್ಟು ತಮಾಷೆಯಾಗಿದೆ. ಷಿಕಾಗೋ ನಗರದ ಬ್ರೇಯರ್ ಎಂಬ ಅಚ್ಚಿನ ಕಾರ್ಖಾನೆಯವರು ಗಡಿಯಾರ ಮಾಡುವ ಒಂದು ಸಂಸ್ಥೆಗಾಗಿ, ಗೋಡೆಯಂಚಿನ ಗಡಿಯಾರದ ಪಕ್ಕದಲ್ಲಿ ನಿಲ್ಲಿಸುವುದಕ್ಕೆಂದು ಒಂದು ಕುದುರೆಯನ್ನು ಮಾಡಿಕೊಟ್ಟರು. ಜನರಿಗೆ ಗಡಿಯಾರಕ್ಕಿಂತ ಕುದುರೆಯೇ ಹೆಚ್ಚು ಮೆಚ್ಚಿಗೆಯಾಯಿತು. ೧೯೫೦ರಿಂದ ಆ ಕಾರ್ಖಾನೆಯು ಕುದುರೆಗಳನ್ನೇ ಮಾಡುವುದಕ್ಕೆ ತೊಡಗಿತು. ಸೆಲ್ಯುಲೋಸ್ ಅಸಿಟೇಟ್ ಎಂಬ, ಮರದ ಹಾಗೂ ಹತ್ತಿಯ ನಾರಿನಿಂದ ತಯಾರಾಗುವ ವಸ್ತುವನ್ನು ಅಚ್ಚಿನಲ್ಲಿ ಎರಡು ಹೋಳುಗಳಾಗಿ ಎರೆದು, ಅಂಟಿಸಿ, ಸಂದುಗಳನ್ನು ಉಜ್ಜಿ, ಒಂದೊಂದಕ್ಕೂ ಕೈಯಿಂದ ಬಣ್ಣ ಹಾಕುತ್ತಾರೆ. ದೊಡ್ಡ ಮಾದರಿಗಳು ನಿಜವಾದ ಕುದುರೆಯ ಒಂಬತ್ತರಲ್ಲಿ ಒಂದು ಪಾಲು; ೧೯೭೫ರಲ್ಲಿ ಹೊರಟ ಚಿಕ್ಕವು ಮೂವತ್ತೆರಡರಲ್ಲಿ ಒಂದು ಪಾಲು. ಕುದುರೆಯ ಎತ್ತರವನ್ನು ಅಳೆಯುವುದು ಹೆಗಲಿನವರೆಗೆ, "ಕೈ" ಎಂಬ ಮಾನದಿಂದ. ಒಂದು ಕೈ ಎಂದರೆ ನಾಲ್ಕು ಅಂಗುಲ. ಹದಿನಾರು ಕೈಗಳ ಕುದುರೆಯು ಅರುವತ್ತನಾಲ್ಕು ಅಂಗುಲ ಎತ್ತರವಿದ್ದರೆ ಮೊದಲನೆಯ ಅಳತೆಯಲ್ಲಿ ಏಳು ಅಂಗುಲದ ಮೇಲೆ ಸ್ವಲ್ಪ, ಎರಡನೆಯದರಲ್ಲಿ ಸರಿಯಾಗಿ ಎರಡು ಅಂಗುಲ. ಅನುಪಾತವೆಂಬ ಪಾಠವನ್ನು ಹಲಗೆಯ ಮೇಲೆ ಒಂದು ವಾರ ಬೋಧಿಸಿದರೂ ಹತ್ತದ ಹುಡುಗಿಗೆ ಈ ಲೆಕ್ಕವು ಒಂದೇ ದಿನದಲ್ಲಿ ಹತ್ತಿದ್ದನ್ನು ನಾವು ಕಂಡಿದ್ದೇವೆ.

ಈ ಕುದುರೆಗಳನ್ನು ಕೊಂಡವರು ಅವುಗಳನ್ನು ಬರಿದೆ ಸಾಲಾಗಿ ನಿಲ್ಲಿಸಿ ತೃಪ್ತರಾಗುವುದಿಲ್ಲ. ಅವರು ಪ್ರದರ್ಶನಗಳನ್ನು ಏರ್ಪಡಿಸುತ್ತಾರೆ. ಉದ್ದನೆಯ ಮೇಜುಗಳ ಮೇಲೆ ತಳಿತಳಿಯಾಗಿ ಕುದುರೆಗಳನ್ನು ನಿಲ್ಲಿಸಿ, ನಿಜವಾದ ಕುದುರೆಗಳನ್ನು ಪರೀಕ್ಷಿಸುವಂತೆಯೇ ಕತ್ತಿನ ಬಾಗು, ಹೆಗಲಿನ ಓರೆ, ಹಿಂಗಾಲಿನ ಕೋನ ಇವುಗಳನ್ನು ತೀರ್ಪುಗಾರರು ಪರೀಕ್ಷಿಸುತ್ತಾರೆ. ಇನ್ನೊಂದು ವರ್ಗದಲ್ಲಿ, ಗೊಂಬೆಯ ಕುದುರೆಗೆ ಜೀನು ಲಗಾಮುಗಳನ್ನು ತೊಡಿಸಿ ಅದು ಬೇಲಿಯನ್ನು ಹಾರುವಂತೆಯೋ ಗಾಡಿಯನ್ನು ಎಳೆಯುವಂತೆಯೋ ತೋರಿಸಬೇಕು. ಕಡಿವಾಣವು ಬಾಯಲ್ಲಿ ಸರಿಯಾಗಿ ಕೂತಿಲ್ಲವಾದರೆ ಅಂಕ ಹೋಯಿತು! ಬೆರಳಿನ ಉಗುರಿಗಿಂತ ಚಿಕ್ಕದಾದ ಕೊಂಡಿಗಳನ್ನೂ ದಾರದಷ್ಟು ಕಿರಿದಾದ ಚರ್ಮದ ಪಟ್ಟಿಗಳನ್ನೂ ಕೈಯಲ್ಲೇ ಮಾಡುವ ಸ್ತ್ರೀಯರು ಅಲ್ಲಿದ್ದಾರೆ. ಕೆಲವರು ಕಾರ್ಖಾನೆಯ ಕುದುರೆಯ ಕಾಲನ್ನು ಬಿಸಿಗಾಳಿಯಿಂದ ಮೆದುಮಾಡಿ ಬೇರೆ ನಿಲುವಿಗೆ ಬಾಗಿಸಿ, ಹಳೆಯ ಬಣ್ಣವನ್ನು ತೆಗೆದು ಹೊಸತಾಗಿ ಚಿತ್ರಿಸುತ್ತಾರೆ. ದೂರದ ಊರುಗಳಲ್ಲಿರುವವರು ತಮ್ಮ ಕುದುರೆಗಳ ಛಾಯಾಚಿತ್ರಗಳನ್ನು ಅಂಚೆಯಲ್ಲಿ ಕಳುಹಿಸಿಯೇ ಸ್ಪರ್ಧಿಸುವ ಪದ್ಧತಿಯೂ ಅಂಚೆಯ ಕಾಲದಿಂದ ಇತ್ತು. ೧೯೯೦ರಿಂದ ಕೆಂಟಕಿ ಸಂಸ್ಥಾನದ ಲೆಕ್ಸಿಂಗ್‌ಟನ್ನಿನ ಕುದುರೆಗಳ ಉದ್ಯಾನದಲ್ಲಿ ಇದರ ಒಂದು ಜಾತ್ರೆಯೇ ನಡೆಯುತ್ತಾ ಬಂದಿದೆ. ಅಲ್ಲಿಗೆ ಹೋಗುವವರು ಮಕ್ಕಳು ಮಾತ್ರವಲ್ಲ. ನಮ್ಮ ವಯಸ್ಸಿನ ತಾಯಂದಿರೂ ಅಜ್ಜಿಯರೂ ಇದ್ದಾರೆ. ಐದುನೂರು ಕಿಲೋ ತೂಗುವ ಕುದುರೆಗೆ ದಿನವೊಂದಕ್ಕೆ ಹೆಚ್ಚುಕಡಿಮೆ ಹತ್ತು ಕಿಲೋ ಮೇವು ಬೇಕು. ಲಾಯ, ಲಾಳ, ವೈದ್ಯ ಬೇರೆ. ಶ್ರೀಮಂತ ದೇಶದಲ್ಲಿಯೂ ಬಡಗಿಯ ಮಗಳಿಗೂ ಗುಮಾಸ್ತನ ಮಗಳಿಗೂ ಇದು ದಕ್ಕುವ ಮಾತಲ್ಲ. ಕುದುರೆಯನ್ನು ಬಯಸಿ ಅದು ದೊರೆಯದವರ ಹವ್ಯಾಸವಿದು ಎಂಬುದನ್ನು ಮನಸ್ಸಿನಲ್ಲಿಟ್ಟು ನೋಡಿದರೆ ಇದರ ಅರ್ಥವಾದೀತು.

ಪುಸ್ತಕಗಳಿಗೂ ಇದರಲ್ಲಿ ಪಾಲಿದೆ. ವರ್ಜೀನಿಯಾ ತೀರದ ಚಿಂಕೊಟೀಗ್ ದ್ವೀಪದಲ್ಲಿ ಪ್ರತಿವರ್ಷ ಜುಲೈ ಕೊನೆಗೆ, ನೆರೆಯ ಅಸಟೀಗ್ ದ್ವೀಪದ ಕಾಡುಕುದುರೆಗಳನ್ನು ಕಡಲ ಕಾಲುವೆಯಲ್ಲಿ ಈಜಿಸಿ ತಂದು, ಮರಿಗಳನ್ನು ಹರಾಜುಮಾಡಿ, ಬಂದ ಹಣವನ್ನು ಊರಿನ ಬೆಂಕಿ ಆರಿಸುವ ಸ್ವಯಂಸೇವಕರ ದಳಕ್ಕೆ ಕೊಡುತ್ತಾರೆ. ಅಲ್ಲಿಯ ಮಿಸ್ಟಿ ಎಂಬ ಒಂದು ಮರಿಯ ಕಥೆಯನ್ನು ಮಾರ್ಗರೆಟ್ ಹೆನ್ರಿಯವರು ೧೯೪೭ರಲ್ಲಿ ಬರೆದರು; ೧೯೭೨ರಲ್ಲಿ ಮಿಸ್ಟಿಯ ಮಾದರಿಯೂ ಹೊರಟಿತು. ಕಥೆಯನ್ನು ಓದಿ ಕುದುರೆಯನ್ನು ಕೊಂಡವರೆಷ್ಟೋ, ಕುದುರೆಯನ್ನು ಕೊಂಡು ಕಥೆಯನ್ನು ಓದಿದವರೆಷ್ಟೋ! ಉಪಾಧ್ಯಾಯಿನಿಯರಾದ ನಮಗೆ ಎರಡೂ ಒಪ್ಪಿಗೆಯೇ.

ಇನ್ನು ಗಾಜಿನೊಳಗಿನ ಕುದುರೆಗಳು. ಫ್ರಾನ್ಸ್ ದೇಶದ ಓಲಿಯೆಂಟ್ ಎಂಬ ಸಂಸ್ಥೆಯವರು ೨೦೦೫ರಲ್ಲಿ ಹೌರ್ಸ್ ಎಂಬ ಆಟವನ್ನು ಪ್ರಾರಂಭಿಸಿದರು. ಅದರಲ್ಲಿ ಆಟಗಾರ್ತಿಯು ಕುದುರೆಗೆ ಮೇವು ಹಾಕಿ, ಮೈ ಉಜ್ಜಿ, ಅಭ್ಯಾಸ ಮಾಡಿಸಿ, ಮಲಗಿಸಬೇಕು. ಮರುದಿನ ಬಂದರೆ ಅದಕ್ಕೆ ಎರಡು ತಿಂಗಳು ವಯಸ್ಸು ಹೆಚ್ಚಾಗಿರುವುದು. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಹುಟ್ಟಿದ ಸ್ಟಾರ್ ಸ್ಟೇಬಲ್ ಎಂಬ ಇನ್ನೊಂದು ಆಟದಲ್ಲಿ ಯೋರ್ವಿಕ್ ಎಂಬ ಕಲ್ಪಿತ ದ್ವೀಪದ ಮೇಲೆ ಕುದುರೆಯೇರಿ ತಿರುಗಬಹುದು. ಇದನ್ನು ಆಡುವವರಲ್ಲಿ ಬಹುಮಂದಿ ಬಾಲಿಕೆಯರು ಹಾಗೂ ತರುಣಿಯರು. ಹೊಡೆದು ಕೊಲ್ಲುವ ಆಟಗಳೇ ತುಂಬಿದ ಪೇಟೆಯಲ್ಲಿ, ಮೇಯಿಸಿ ಉಜ್ಜಿ ಮಲಗಿಸುವ ಆಟವೊಂದಕ್ಕೂ ಗಿರಾಕಿಗಳಿದ್ದಾರೆಂಬುದು ನಮಗೆ ಸಮಾಧಾನದ ಸಂಗತಿಯಾಗಿ ತೋರಿತು. ಇವೆರಡೂ ಅಲ್ಲದೆ ಚಿಕ್ಕಪುಟ್ಟವು ಹಲವಾರು ಇವೆ. ಅವುಗಳಲ್ಲಿ ಕೆಲವು ಬರಿಯ ಬೆರಳಾಟ. ಅವುಗಳ ವಿಷಯವಾಗಿ ಹೇಳತಕ್ಕದ್ದೇನೂ ಇಲ್ಲ. ಕೆಲವು ಮಾತ್ರ ತಳಿಶಾಸ್ತ್ರದ ನಿಜವಾದ ನಿಯಮಗಳನ್ನು ಅನುಸರಿಸಿ ಕಟ್ಟಲ್ಪಟ್ಟಿವೆ. ನಮ್ಮ ಅಪರಾಧದ ಕಥೆಯು ಇಂಥ ಒಂದು ಆಟಕ್ಕೆ ಸಂಬಂಧಿಸಿದ್ದು.

ಎರಡು ವರ್ಷಗಳ ಹಿಂದೆ, ಎಂಟನೆಯ ತರಗತಿಯ ಒಬ್ಬ ಹುಡುಗಿಯ ಬಳಿ ಗಣಿತದ ವೇಳೆಯಲ್ಲಿ ಒಂದು ಇನ್ನೂರು ಪುಟದ ನೋಟುಪುಸ್ತಕವು ಸಿಕ್ಕಿತು. ಅವಳ ಹೆಸರನ್ನು ಇಲ್ಲಿ ಹೇಳುವುದಿಲ್ಲ. ತಾಯಿಯು ಒಂದು ಆಸ್ಪತ್ರೆಯಲ್ಲಿ ದಾದಿ. ರಾತ್ರಿಯ ಪಾಳಿಗೆ ಹೋಗುವ ಮುನ್ನ ಮುಕ್ಕಾಲು ಗಂಟೆ ತಮ್ಮ ಮೊಬೈಲನ್ನು ಮಗಳ ಕೈಗೆ ಕೊಡುತ್ತಿದ್ದರು. ನೋಟುಪುಸ್ತಕದ ತುಂಬ ಕುದುರೆಗಳ ಹೆಸರುಗಳು, ವಂಶಾವಳಿಗಳು, ಅರ್ಥವಾಗದ ಅಕ್ಷರಗಳು, ನಾಲ್ಕು ಮನೆಯ ಚೌಕಗಳು. ಗಣಿತದ ಉಪಾಧ್ಯಾಯಿನಿಯು ಅದನ್ನು ತಂದು ನಮ್ಮ ಮುಂದಿಟ್ಟರು. ನಾವು ಎರಡು ಪುಟಗಳನ್ನು ತಿರುವಿ, ಇದು ಮೊಬೈಲಿನ ಹುಚ್ಚೆಂದು ತೀರ್ಮಾನಿಸಿದೆವು. ತಾಯಿಯನ್ನು ಕರೆಸಿದೆವು. ರಾತ್ರಿಪಾಳಿ ಮುಗಿಸಿ ನಿದ್ದೆಗೆಟ್ಟ ಕಣ್ಣುಗಳಿಂದ ಬಂದ ಆಕೆಗೆ ಹದಿನೈದು ನಿಮಿಷ ಉಪದೇಶವನ್ನೂ ಮಾಡಿದೆವು. ಹುಡುಗಿಯ ಕಡೆಗೆ ತಿರುಗಿ, "ಅವೇನು ನಿಜವಾದ ಕುದುರೆಗಳೇ? ಇಲ್ಲದ ಕುದುರೆಗಳಿಗೆ ಇಷ್ಟು ಕಾಗದ ಹಾಳುಮಾಡುವರೇ?" ಎಂದೆವು. ಅವಳು ಏನನ್ನೂ ಹೇಳಲಿಲ್ಲ. ನೋಟುಪುಸ್ತಕವು ನಮ್ಮ ಬೀರುವಿನೊಳಗೆ ಹೋಯಿತು. ಮನೆಯಲ್ಲಿ ಮೊಬೈಲು ನಿಂತಿತು.

ಆರು ತಿಂಗಳ ಮೇಲೆ ನಮ್ಮ ಜೀವಶಾಸ್ತ್ರದ ಉಪಾಧ್ಯಾಯಿನಿಯು ಬೇರೆ ಯಾವುದೋ ಕಾಗದವನ್ನು ಹುಡುಕುತ್ತಿದ್ದಾಗ ಆ ಪುಸ್ತಕವನ್ನು ಕಂಡು, ನಿಂತಲ್ಲಿಯೇ ಓದತೊಡಗಿದರು. ಕುಳಿತುಕೊಳ್ಳಿರೆಂದು ನಾವು ಎರಡು ಸಾರಿ ಹೇಳಬೇಕಾಯಿತು. ಬಳಿಕ ಅವರು ಹೇಳಿದ್ದೇನೆಂದರೆ, "ಮೇಡಂ, ಹತ್ತನೆಯ ತರಗತಿಗೆ ನಾನು ಬಟಾಣಿ ಗಿಡವನ್ನು ಇಟ್ಟುಕೊಂಡು ಹೇಳುವ ಪಾಠವನ್ನು ಈ ಮಗು ಎಂಟನೆಯ ತರಗತಿಯಲ್ಲಿ ಕುದುರೆಗಳನ್ನು ಇಟ್ಟುಕೊಂಡು ತಾನೇ ಬರೆದಿದೆ."

ಅದು ಹೀಗೆ. ಕೆಂಗಂದು ಬಣ್ಣದ ಎರಡು ಕುದುರೆಗಳು ಕೂಡಿದರೆ ಮರಿಯು ಕರಿದಾಗುವುದಿಲ್ಲ. ಏಕೆಂದರೆ ಕರಿಯ ಬಣ್ಣವನ್ನು ಕೊಡುವ ಅಂಶವು ಇಬ್ಬರಲ್ಲಿಯೂ ಇಲ್ಲ. ಕೆಂಗಂದು ಕುದುರೆಗೆ ಬಣ್ಣವನ್ನು ತಿಳಿಗೊಳಿಸುವ ಕೆನೆಯ ಅಂಶವೊಂದು ತಾಯಿಯಿಂದಲಾಗಲಿ ತಂದೆಯಿಂದಲಾಗಲಿ ಬಂದರೆ ಅದು ಪಾಲೊಮಿನೊ ಎಂಬ ಹೊಂಬಣ್ಣದ್ದಾಗುತ್ತದೆ. ಇಬ್ಬರಿಂದಲೂ ಬಂದರೆ ನೀಲಿಗಣ್ಣಿನ, ಹೆಚ್ಚುಕಡಿಮೆ ಬಿಳಿಯ ಕುದುರೆಯಾಗುತ್ತದೆ. ಆದುದರಿಂದ ಹೊಂಬಣ್ಣದ ಎರಡು ಕುದುರೆಗಳನ್ನು ಕೂಡಿಸಿದವನಿಗೆ ಹೊಂಬಣ್ಣದ ಮರಿಯೇ ಸಿಕ್ಕೀತೆಂಬ ಭರವಸೆಯಿಲ್ಲ. ನಾಲ್ಕರಲ್ಲಿ ಎರಡು ಪಾಲು ಮಾತ್ರ ಅದರ ಸಂಭವ. ಕೆಂಗಂದನ್ನು ಬಿಳಿಯದರೊಂದಿಗೆ ಕೂಡಿಸಿದವನಿಗೆ ಹೊಂಬಣ್ಣವು ಖಂಡಿತ. ಇದನ್ನು ಅವಳು ಚೌಕಗಳಲ್ಲಿ ಬರೆದು, ತನ್ನ ಲಾಯದಲ್ಲಿ ಹುಟ್ಟಿದ ನಲವತ್ತು ಮರಿಗಳ ಲೆಕ್ಕವನ್ನು ಪಕ್ಕದಲ್ಲಿಟ್ಟು, ಎರಡೂ ಸರಿಸುಮಾರಾಗಿ ಹೊಂದುವುದನ್ನು ಗುರುತಿಸಿದ್ದಳು. ಒಂದು ಪುಟದಲ್ಲಿ ಕೆಂಪು ಶಾಯಿಯಿಂದ ಗೆರೆಯೆಳೆದು, "ಇವೆರಡನ್ನು ಎಂದಿಗೂ ಕೂಡಿಸಬಾರದು" ಎಂದು ಬರೆದಿದ್ದಳು. ಮೈಯ ಪಕ್ಕಗಳಲ್ಲಿ ಬಿಳಿಯ ಮಚ್ಚೆಯನ್ನು ಉಂಟುಮಾಡುವ ಫ್ರೇಮ್ ಎಂಬ ಒಂದು ಅಂಶವಿದೆ. ಅದು ಒಂದೇ ಇದ್ದರೆ ಅಂದ. ತಾಯಿತಂದೆ ಇಬ್ಬರಿಂದಲೂ ಬಂದರೆ ಮರಿಯು ಪೂರ್ತಿ ಬಿಳಿಯದಾಗಿ ಹುಟ್ಟಿ, ಕರುಳಿನ ನರಗಳು ಬೆಳೆಯದೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಇದು ಆಟದ ಕಲ್ಪನೆಯಲ್ಲ, ನಿಜವಾದ ಲಾಯಗಳ ಸಂಗತಿ. ಇಲ್ಲದ ಮರಿಯೊಂದು ಸಾಯಬಾರದೆಂದು ಕೆಂಪು ಗೆರೆಯೆಳೆದ ಮಗುವಿಗೆ ನಾವು ಕಾಗದ ಹಾಳುಮಾಡಿದೆಯೆಂದು ಹೇಳಿದ್ದೆವು.

ನಾವು ಅವಳನ್ನು ಕರೆಸಿ, ಪುಸ್ತಕವನ್ನು ಹಿಂದಕ್ಕೆ ಕೊಟ್ಟು, ನಮ್ಮಿಂದ ತಪ್ಪಾಯಿತೆಂದೆವು. ಇಪ್ಪತ್ತು ವರ್ಷಗಳಿಗೂ ಮಿಕ್ಕಿದ ನಮ್ಮ ಕೆಲಸದಲ್ಲಿ ಹುಡುಗಿಯೊಬ್ಬಳಿಗೆ ಆ ಮಾತನ್ನು ಹೇಳಿದ್ದು ಬಹಳ ಸಾರಿಯಲ್ಲ. ಹೇಳಬೇಕಾಗಿದ್ದದ್ದು ಎಷ್ಟು ಸಾರಿಯೋ. ಅಷ್ಟರಲ್ಲಿ ಬಹುಕಾಲ ಬಾರದಿದ್ದ ಯಜಮಾನಿಯ ಲಾಯವನ್ನು ಆಟದ ನಿಯಮದಂತೆ ತೆಗೆದುಹಾಕಿದ್ದರಂತೆ. ನಲವತ್ತು ಮರಿಗಳೂ ಹೋಗಿದ್ದುವು. ಅವಳು ಪುಸ್ತಕವನ್ನು ಎದೆಗವಚಿಕೊಂಡು, "ಪರವಾಗಿಲ್ಲ ಟೀಚರ್, ಅವು ನಿಜವಾದ ಕುದುರೆಗಳಲ್ಲವಲ್ಲ" ಎಂದಳು. ಅದರಲ್ಲಿ ಕುಚೇಷ್ಟೆ ಇರಲಿಲ್ಲ. ನಾವು ಹೇಳಿಕೊಟ್ಟದ್ದನ್ನು ಒಪ್ಪಿಸಿದಳು, ಅಷ್ಟೆ.

ಅನಂತರ ಅವಳು ಕಾಗದದ ಕುದುರೆಗಳನ್ನು ಮಾಡುವುದಕ್ಕೆ ತೊಡಗಿದಳು. ಮೊಬೈಲನ್ನು ಮತ್ತೆ ಕೇಳಲಿಲ್ಲವೆಂದು ತಾಯಿಯು ಹೇಳುತ್ತಾರೆ. ತಂತಿಯ ಎಲುಬು, ಹಳೆಯ ವೃತ್ತಪತ್ರಿಕೆ, ಮೈದಾ ಹಿಟ್ಟಿನ ಅಂಟು, ಕೇಸರಕ್ಕೆ ತೆಂಗಿನ ನಾರು. ಅಳತೆಯು ಒಂಬತ್ತರಲ್ಲಿ ಒಂದು. ಮೊದಲನೆಯ ಮೂರು ಕುದುರೆಗಳು ನಾಯಿಗಳಂತಿದ್ದುವೆಂದು ಅವಳೇ ಒಪ್ಪುತ್ತಾಳೆ. ನಾಲ್ಕನೆಯದು ಓಡುವ ಕುದುರೆ. ಅದರ ಮುಂಗಾಲು ಹಿಂಗಾಲುಗಳೆಲ್ಲ ಗಾಳಿಯಲ್ಲಿ ಚಾಚಿಕೊಂಡಿದ್ದುವು. ಇದು ತಪ್ಪೆಂದು ಅವಳಿಗೆ ತೋರಿತು, ಆದರೆ ಹೇಗೆ ತಪ್ಪೆಂದು ತಿಳಿಯಲಿಲ್ಲ; ನಮ್ಮಲ್ಲಿಗೆ ಬಂದಳು. ನಮಗೂ ತಿಳಿಯದೆ ಹುಡುಕಿ ನೋಡಿದೆವು. ಫ್ರಾನ್ಸಿನ ಜೆರಿಕೋ ಎಂಬ ಪ್ರಖ್ಯಾತ ಚಿತ್ರಕಾರನು ೧೮೨೧ರಲ್ಲಿ ಎಪ್ಸಮ್ ಪಂದ್ಯದ ಕುದುರೆಗಳನ್ನು ಬರೆದಾಗ ಅವನೂ ಹಾಗೆಯೇ ಚಾಚಿಸಿ ಬರೆದನು. ೧೮೭೮ರಲ್ಲಿ ಮೈಬ್ರಿಜ್ ಎಂಬವನು ಕ್ಯಾಲಿಫೋರ್ನಿಯಾದಲ್ಲಿ ಸಾಲಾಗಿಟ್ಟ ಕ್ಯಾಮೆರಾಗಳಿಂದ ಓಡುವ ಕುದುರೆಯ ಚಿತ್ರಗಳನ್ನು ಹಿಡಿದ ಮೇಲೆಯೇ ನಿಜಾಂಶವು ಹೊರಬಿದ್ದಿತು. ದೌಡಾಯಿಸುವ ಕುದುರೆಯ ನಾಲ್ಕು ಕಾಲುಗಳೂ ನೆಲವನ್ನು ಬಿಡುವುದು ನಿಜ, ಆದರೆ ಅವು ಚಾಚಿಕೊಂಡಿರುವಾಗಲ್ಲ, ಹೊಟ್ಟೆಯ ಕೆಳಗೆ ಮಡಿಸಿಕೊಂಡಿರುವಾಗ. ಸಾವಿರಾರು ವರ್ಷಗಳಿಂದ ಕುದುರೆಯನ್ನು ಸಾಕಿದ ಮನುಷ್ಯನ ಕಣ್ಣಿಗೆ ಇದು ಕಂಡಿರಲಿಲ್ಲ. ಆ ಸಂಜೆ ಅವಳು ನಾಲ್ಕನೆಯ ಕುದುರೆಯ ಕಾಲುಗಳನ್ನು ಕತ್ತರಿಸಿ ಮತ್ತೆ ಕಟ್ಟಿದಳು.

ನಮ್ಮ ಬಾಲ್ಯದಲ್ಲಿ ಅಜ್ಜಿಯ ಊರಿನ ರೈಲುನಿಲ್ದಾಣದ ಹೊರಗೆ ಜಟಕಾಗಾಡಿಗಳು ನಿಲ್ಲುತ್ತಿದ್ದುವು. ಬೇಸಿಗೆಯ ರಜೆಗೆ ಹೋದಾಗಲೆಲ್ಲ ಅವುಗಳಲ್ಲಿ ಕೂತಿದ್ದೇವೆ. ಕುದುರೆಯು ಯಾವ ಕಾಲನ್ನು ಮೊದಲು ಎತ್ತುತ್ತಿತ್ತೆಂದು ಈಗ ಕೇಳಿದರೆ ನಾವು ಹೇಳಲಾರೆವು. ನಿಜವಾದ ಕುದುರೆಯನ್ನು ಕಂಡವರು ನಾವು, ನೋಡಿದವಳು ಅವಳು.

ಈಗ ಪಾಲಕರ ಆಕ್ಷೇಪಣೆಗಳಿಗೆ ಬರುವೆವು. ಎಲ್ಲವೂ ನಿರಾಧಾರವೆಂದು ನಾವು ಹೇಳುವುದಿಲ್ಲ. ಈ ಆಟಗಳನ್ನು ಮಾಡಿದವರು ಧರ್ಮಾರ್ಥವಾಗಿ ಮಾಡಿದವರಲ್ಲ. ಮೊದಲ ಕೆಲವು ಮೆಟ್ಟಿಲುಗಳು ಉಚಿತ, ಮುಂದಿನವಕ್ಕೆ ಚಂದಾ. ಅಂದವಾದ ಕುದುರೆಗೆ ಆಟದ ನಾಣ್ಯ ಬೇಕು. ಆಟದ ನಾಣ್ಯಕ್ಕೆ ನಿಜವಾದ ಹಣ ಬೇಕು. ಕುದುರೆಯು ಹಸಿದಿದೆ, ಬೇಗ ಬಾ ಎಂದು ಮಕ್ಕಳನ್ನು ದಿನಕ್ಕೆ ಹಲವು ಸಾರಿ ಕರೆಯುವ ಉಪಾಯವನ್ನು ನಾವು ಮೆಚ್ಚುವುದಿಲ್ಲ. ಮಗುವಿನ ದಯೆಯನ್ನೇ ಗಾಳವಾಗಿ ಮಾಡಿಕೊಳ್ಳುವುದು ಹೇಯವಾದ ವ್ಯಾಪಾರವೆಂದೇ ನಮ್ಮ ಅಭಿಪ್ರಾಯ. ಮುಖವರಿಯದವರೊಡನೆ ಮಾತಾಡುವ ಅವಕಾಶವಿರುವ ಆಟಗಳಲ್ಲಿ ಆ ಬಾಗಿಲನ್ನು ಹಿರಿಯರು ಮುಚ್ಚಿಯೇ ಮೊಬೈಲನ್ನು ಕೊಡತಕ್ಕದ್ದು. ಇವೆಲ್ಲವೂ ತಾಯಿತಂದೆಗಳ ಕೈಯಲ್ಲಿರುವ ಕೆಲಸಗಳು. ಪಕ್ಕದಲ್ಲಿ ಕೂತು ಒಂದು ಸಂಜೆ ಆ ಆಟವನ್ನು ನೋಡಿದರೆ ಯಾವುದು ಬೆರಳಾಟ, ಯಾವುದು ಬುದ್ಧಿಯಾಟ ಎಂಬುದು ಯಾರಿಗಾದರೂ ತಿಳಿಯುವುದು. ಆ ಸಂಜೆಯನ್ನು ನಾವು ಕೊಡಲಿಲ್ಲ, ಆದುದರಿಂದಲೇ ತಪ್ಪಿದೆವು.

ಮಾದರಿ ಕುದುರೆಗಳ ಸಂಗ್ರಹದಲ್ಲಿಯೂ ದೋಷವಿದೆ. ಕೆಲವೇ ಪ್ರತಿಗಳನ್ನು ಮಾಡಿ, ಸಿಕ್ಕದಂತೆ ಮಾಡಿ, ಬೆಲೆಯೇರಿಸುವ ಪದ್ಧತಿಯು ಈ ಹವ್ಯಾಸದಲ್ಲಿ ಬಲವಾಗಿ ಬೇರೂರಿದೆ. ಪೆಟ್ಟಿಗೆಯನ್ನೇ ತೆರೆಯದೆ ಬಚ್ಚಿಟ್ಟು ಬೆಲೆ ಬಂದಾಗ ಮಾರುವವರನ್ನು ಸಂಗ್ರಾಹಕರೆನ್ನುವುದಕ್ಕಿಂತ ದಾಸ್ತಾನುಗಾರರೆನ್ನುವುದೇ ಸರಿ. ಅಮೆರಿಕದ ದೊಡ್ಡ ಕುದುರೆಯೊಂದು ಇಲ್ಲಿಗೆ ಬಂದು ಸೇರುವಷ್ಟರಲ್ಲಿ ಸಾವಿರಾರು ರೂಪಾಯಿಗಳಾಗುತ್ತದೆ. ಹಾಗಿರಲಾಗಿ, ಪರದೇಶಗಳಲ್ಲಿರುವ ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಒಬ್ಬಿಬ್ಬರು ಪ್ರೀತಿಯಿಂದ ಶಾಲೆಗೆ ಕುದುರೆಗಳನ್ನು ಕೊಂಡು ಕಳುಹಿಸುವೆವೆಂದು ಬರೆದಾಗ ನಾವು ಬೇಡವೆಂದೆವು. ಮೂವತ್ತು ಹುಡುಗಿಯರ ಕಾಗದದ ಕುದುರೆಗಳ ನಡುವೆ ಹೊಳೆಯುವ ಒಂದು ಕೊಂಡ ಕುದುರೆ ನಿಂತರೆ ಆ ಮೂವತ್ತೂ ಆ ದಿನವೇ ಬಡವಾಗುವುವು. ತಾವು ಚಿಕ್ಕಂದಿನಲ್ಲಿ ಆಡಿ, ಕಿವಿ ಮುರಿದು, ಬಣ್ಣ ಸವೆದದ್ದು ಇದ್ದರೆ ಕಳುಹಿಸಬಹುದು. ಅದನ್ನು ಸರಿಪಡಿಸುವ ಕೈಗಳು ಇಲ್ಲಿವೆ.

ಇನ್ನೊಂದು ಆಕ್ಷೇಪಣೆಯು ಬಾಯಿಬಿಟ್ಟು ಹೇಳಲ್ಪಡಲಿಲ್ಲವಾದರೂ ಸಭೆಯ ಗಾಳಿಯಲ್ಲಿತ್ತು. ಹುಡುಗಿಗೆ ಕುದುರೆಯೇಕೆ ಎಂಬುದು ಅದು. ನವೆಂಬರ್ ಒಂದನೆಯ ತಾರೀಖು ರಾಜ್ಯೋತ್ಸವದ ಮೆರವಣಿಗೆಯಲ್ಲಿ ನಮ್ಮ ಹುಡುಗಿಯೊಬ್ಬಳು ಕಿತ್ತೂರು ಚೆನ್ನಮ್ಮನಾಗಿ ರಟ್ಟಿನ ಕುದುರೆಯ ಮೇಲೆ ಕುಳಿತು ಖಡ್ಗವನ್ನು ಎತ್ತುವಾಗ ಇವೇ ಪಾಲಕರು ಚಪ್ಪಾಳೆ ತಟ್ಟಿ ಛಾಯಾಚಿತ್ರ ತೆಗೆದುಕೊಳ್ಳುತ್ತಾರೆ. ಮೆರವಣಿಗೆಯ ಕುದುರೆ ಸರಿ, ಮನೆಯ ಕುದುರೆ ತಪ್ಪು! ತಮ್ಮ ಮನೆಯ ಗಂಡುಹುಡುಗನು ಕ್ರಿಕೆಟ್ ಆಟಗಾರರ ಐವತ್ತು ವರ್ಷಗಳ ಅಂಕಿಗಳನ್ನು ಕಂಠಪಾಠ ಮಾಡಿದರೆ ಅವನ ಜ್ಞಾಪಕಶಕ್ತಿಯನ್ನು ನೆಂಟರ ಮುಂದೆ ಹೊಗಳುವ ತಂದೆಯು, ಮಗಳು ಕುದುರೆಗಳ ವಂಶಾವಳಿಯನ್ನು ಬರೆದರೆ ಹುಚ್ಚೆನ್ನುವುದೇಕೆಂದು ನಾವು ಕೇಳಬಹುದಲ್ಲವೇ? ಹುಡುಗಿಯರ ವಿನೋದಕ್ಕೆ ಮಾತ್ರ ಏನಾದರೊಂದು ಪ್ರಯೋಜನವನ್ನು ತೋರಿಸಬೇಕೆಂಬ ನಿಯಮವು ಎಲ್ಲಿಂದ ಬಂತೋ ತಿಳಿಯದು. ಮೇಲೆ ನಾವೂ ತಳಿಶಾಸ್ತ್ರವನ್ನೂ ಅನುಪಾತವನ್ನೂ ಮುಂದುಮಾಡಿ ಆ ನಿಯಮಕ್ಕೇ ತಲೆಬಾಗಿದ್ದೇವೆಂದು ಈಗ ಕಾಣುತ್ತದೆ. ಅವಳ ನೋಟುಪುಸ್ತಕದಲ್ಲಿ ಒಂದು ಚೌಕವೂ ಇರದೆ ಬರಿಯ ಕುದುರೆಗಳ ಹೆಸರುಗಳೇ ಇದ್ದಿದ್ದರೂ ಅದನ್ನು ಕಿತ್ತುಕೊಳ್ಳುವ ಅಧಿಕಾರವು ನಮಗೆ ಗಣಿತದ ಆ ಒಂದು ವೇಳೆಗೆ ಮಾತ್ರ ಇತ್ತು, ಆರು ತಿಂಗಳಿಗಲ್ಲ.

ಇಲ್ಲದ ಲೋಕಗಳಲ್ಲಿ ಕಾಲಕಳೆದರೆ ಮಕ್ಕಳು ಕೆಡುವರೆಂಬ ಭಯಕ್ಕೆ ಒಂದು ಉದಾಹರಣೆಯನ್ನು ಕೊಡುವೆವು. ಇಂಗ್ಲೆಂಡಿನ ಹಾವರ್ತ್ ಎಂಬ ಊರಿನ ಸಭಾಪಾಲಕರಾದ ಪ್ಯಾಟ್ರಿಕ್ ಬ್ರಾಂಟೆಯವರು ೧೮೨೬ರಲ್ಲಿ ತಮ್ಮ ಮಗನಿಗೆ ಒಂದು ಪೆಟ್ಟಿಗೆ ಮರದ ಸೈನಿಕರನ್ನು ತಂದುಕೊಟ್ಟರು. ಅಕ್ಕತಂಗಿಯರು ತಲಾ ಒಂದೊಂದನ್ನು ತೆಗೆದುಕೊಂಡು ಹೆಸರಿಟ್ಟರು. ಆ ಗೊಂಬೆಗಳಿಗೆ ರಾಜ್ಯಗಳನ್ನು ಕಟ್ಟಿ, ಅಂಗೈಗಿಂತ ಚಿಕ್ಕದಾದ ಪುಸ್ತಕಗಳಲ್ಲಿ ಅವುಗಳ ಚರಿತ್ರೆಯನ್ನು ಬರೆದರು. ಆ ತಂದೆಯು ಕಾಗದ ಹಾಳಾಯಿತೆಂದು ಅವನ್ನು ಬೀರುವಿನಲ್ಲಿ ಹಾಕಿ ಬೀಗವಿಕ್ಕಿದ್ದರೆ ೧೮೪೭ರಲ್ಲಿ ಜೇನ್ ಏರ್ ಹೊರಡುತ್ತಿತ್ತೋ ಇಲ್ಲವೋ ಯಾರು ಬಲ್ಲರು? ಹದಿನಾಲ್ಕನೆಯ ವಯಸ್ಸಿನಲ್ಲಿ ಬಿದ್ದು ಕಾಲನ್ನು ನೋಯಿಸಿಕೊಂಡು ಜೀವಮಾನವೆಲ್ಲ ಸರಿಯಾಗಿ ನಡೆಯಲಾರದೆ ಕುದುರೆಗಾಡಿಯನ್ನೇ ನಂಬಿದ್ದ ಆನ್ನಾ ಸ್ಯುವೆಲ್ ಅವರು ೧೮೭೭ರಲ್ಲಿ ಬ್ಲ್ಯಾಕ್ ಬ್ಯೂಟಿಯನ್ನು ಪ್ರಕಟಿಸಿದರು, ಮರುವರ್ಷ ತೀರಿಕೊಂಡರು. ಚೆಂದಕ್ಕೆಂದು ಕುದುರೆಯ ತಲೆಯನ್ನು ಎತ್ತಿ ಬಿಗಿಯುವ ಲಗಾಮಿನ ಕ್ರೌರ್ಯವನ್ನು ಆ ಪುಸ್ತಕವು ಬಯಲಿಗೆಳೆಯಿತು. ನಮ್ಮ ಹುಡುಗಿಯರು ಇದನ್ನು ಓದಿದ ಮೇಲೆ ತಮ್ಮ ಕಾಗದದ ಕುದುರೆಗಳ ಲಗಾಮುಗಳನ್ನು ಸಡಿಲಿಸಿದರು. ಅದನ್ನು ಮಾಡಿರೆಂದು ನಾವು ಯಾರೂ ಹೇಳಿರಲಿಲ್ಲ.

ಆದಕಾರಣ ಬರುವ ವರ್ಷದಿಂದ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆಯನ್ನು ಈ ಕೆಲಸಕ್ಕೆ ಬಿಟ್ಟುಕೊಡಬೇಕೆಂದು ನಿಶ್ಚಯಿಸಿದ್ದೇವೆ. ಗ್ರಂಥಾಲಯದ ದಕ್ಷಿಣದ ಗೋಡೆಯ ಗಾಜಿನ ಕಪಾಟು ಖಾಲಿಯಾಗುತ್ತಿದೆ. ಕಂಪ್ಯೂಟರ್ ಕೋಣೆಯ ಎರಡು ಯಂತ್ರಗಳಲ್ಲಿ, ಜೀವಶಾಸ್ತ್ರದ ಉಪಾಧ್ಯಾಯಿನಿಯು ಆರಿಸಿದ ಒಂದು ಆಟವನ್ನು, ಮಾತುಕತೆಯ ಬಾಗಿಲನ್ನು ಮುಚ್ಚಿ, ಇಬ್ಬಿಬ್ಬರಾಗಿ ಆಡಬಹುದು. ಒಬ್ಬಳು ಆಡುವಾಗ ಇನ್ನೊಬ್ಬಳು ಬರೆಯಬೇಕು. ಹಣ ಕೊಟ್ಟು ಏನನ್ನೂ ಕೊಳ್ಳಕೂಡದು. ಹತ್ತನೆಯ ತರಗತಿಯವರು ಬರಬೇಕೋ ಬೇಡವೋ ಎಂಬುದನ್ನು ಅವರವರ ಮನೆಯವರು ತೀರ್ಮಾನಿಸಲಿ. ನಾವು ಒತ್ತಾಯಿಸುವುದಿಲ್ಲ, ಬಂದವರನ್ನು ಓಡಿಸುವುದೂ ಇಲ್ಲ. ಪೂರ್ವ ವಿದ್ಯಾರ್ಥಿನಿಯರಲ್ಲಿ ಪಶುವೈದ್ಯಕೀಯವನ್ನು ಓದಿದವರು ಯಾರಾದರೂ ಇದ್ದರೆ ಒಂದು ಶನಿವಾರ ಬಂದು, ಕುದುರೆಯ ಕಾಲಿನ ಎಲುಬುಗಳನ್ನು ಹಲಗೆಯ ಮೇಲೆ ಬರೆದು ತೋರಿಸಬೇಕೆಂದು ಪ್ರಾರ್ಥಿಸುತ್ತೇವೆ. ಹಿಂಗಾಲಿನ ಮೊಣಕಾಲು ಯಾವುದು, ಹಿಮ್ಮಡಿ ಯಾವುದು ಎಂಬ ವಿಷಯದಲ್ಲಿ ಇಲ್ಲಿ ಎರಡು ಪಕ್ಷಗಳಾಗಿವೆ.

ಆ ಹುಡುಗಿಯು ಈ ವರ್ಷ ಶಾಲೆಯನ್ನು ಬಿಟ್ಟು ಹೋಗುತ್ತಾಳೆ. ನೋಟುಪುಸ್ತಕದಲ್ಲಿ ಇನ್ನೂ ಅರುವತ್ತು ಪುಟಗಳು ಖಾಲಿಯಾಗಿದ್ದುವು. ಅದನ್ನು ಎಂಟನೆಯ ತರಗತಿಯ ಒಬ್ಬಳಿಗೆ ಕೊಟ್ಟಿದ್ದಾಳೆಂದು ಮೊನ್ನೆ ತಿಳಿಯಿತು. ಈ ಸಾರಿ ಅದು ಯಾವ ವೇಳೆಯಲ್ಲಿ ಹೊರಬರುತ್ತಿದೆಯೆಂದು ನಾವು ವಿಚಾರಿಸಲಿಲ್ಲ. ತಾಯಂದಿರಲ್ಲಿ ಕಡೆಯದಾಗಿ ಒಂದು ಬೇಡಿಕೆ: ಹಳೆಯ ವೃತ್ತಪತ್ರಿಕೆಗಳು ಸಾಕಷ್ಟು ಸೇರಿವೆ. ತೆಂಗಿನ ನಾರು, ಮುರಿದ ಕೊಡೆಯ ತಂತಿ, ಹಳೆಯ ಕೈಚೀಲದ ಚರ್ಮ ಇವು ಮನೆಯಲ್ಲಿದ್ದರೆ ಮಕ್ಕಳ ಕೈಯಲ್ಲಿ ಶನಿವಾರದೊಳಗೆ ಕಳುಹಿಸಬೇಕು.